ಜೀವದ ಮೊದಲನ್ನು ಅರಸಿದ ಹಾಲ್ಡೇನರು

ಬೀಜದಿಂದ ಮರವೋ ಮರದಿಂದ ಬೀಜವೋ ಎಂಬ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು. ಬಲ್ಲವರು ಅದಕ್ಕೆ ಬೀಜವೃಕ್ಷ ನ್ಯಾಯವೆಂದು ಹೆಸರಿಟ್ಟು, ತುದಿಮೊದಲು ಕಾಣದ ವಿಷಯಗಳಿಗೆಲ್ಲ ಅದನ್ನೇ ಉದಾಹರಣೆಯಾಗಿ ಕೊಡುತ್ತ ಬಂದರು. ಪಂಡಿತರಿಗೆ ಅದು ವಾದದ ವಿಷಯ, ಮಕ್ಕಳಿಗೆ ಆಟದ ಒಗಟು. ಆದರೆ ಅದೇ ಪ್ರಶ್ನೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಒಯ್ದರೆ ಒಂದು ಕಡೆ ನಿಲ್ಲಲೇಬೇಕಾಗುತ್ತದೆ. ಭೂಮಿಗೆ ಸುಮಾರು ೪೫೪ ಕೋಟಿ ವರ್ಷ ವಯಸ್ಸು. ಮೊದಮೊದಲು ಅದು ಕಾದು ಕರಗಿದ ಬಂಡೆಯ ಉಂಡೆ. ಅಲ್ಲಿ ಬೀಜವೂ ಇರಲಿಲ್ಲ, ಮರವೂ ಇರಲಿಲ್ಲ. ಸುಮಾರು ೩೫೦ ಕೋಟಿ ವರ್ಷಗಳ ಹಿಂದಿನ ಬಂಡೆಗಳಲ್ಲಿ ಜೀವಿಗಳ ಗುರುತು ಕಾಣಸಿಗುತ್ತದೆ. ನಡುವೆ ನಡೆದುದೇನು? ಜಡವು ತಾನೇ ತಾನಾಗಿ, ಆಕಸ್ಮಿಕವಾಗಿ ಚೇತನವಾಯಿತೆ? ಇಲ್ಲವೆ, ಎಲ್ಲವನ್ನೂ ಬಲ್ಲ ಶಕ್ತಿಯೊಂದು ಸಂಕಲ್ಪಿಸಿ ಅದನ್ನು ರೂಪಿಸಿತೆ?

ಈ ಪ್ರಶ್ನೆಯನ್ನು ಮಠಮಂದಿರಗಳಿಂದ ಪ್ರಯೋಗಶಾಲೆಯ ಅಂಗಳಕ್ಕೆ ತಂದ ಕೆಲವೇ ಜನರಲ್ಲಿ ಜೆ. ಬಿ. ಎಸ್. ಹಾಲ್ಡೇನರು ಒಬ್ಬರು. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪೌರರಾಗಿ, ಒಡಿಶಾದ ನೆಲದಲ್ಲಿ ಕಣ್ಣು ಮುಚ್ಚಿದ ಈ ವಿಜ್ಞಾನಿಯ ಬಾಳು ಹಲವು ಬಗೆಯಲ್ಲಿ ವಿಚಿತ್ರವಾದುದು. ಅವರು ದೇವರನ್ನು ನಂಬಿದವರಲ್ಲ. ಆದರೂ ತಮ್ಮ ಅಪನಂಬಿಕೆ ಯಾವ ಸಂದರ್ಭದಲ್ಲಿ ಸೋಲಬಹುದೆಂಬುದನ್ನು ತಾವೇ ಬಹಿರಂಗವಾಗಿ ಹೇಳಿಟ್ಟು ಹೋದರು. ಅವರ ಕಥೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದುದು ಇದನ್ನೇ.

ಹಾಲ್ಡೇನರು ಹುಟ್ಟಿದ್ದು ೧೮೯೨ನೆಯ ನವೆಂಬರ್ ೫ರಂದು, ಆಕ್ಸ್‌ಫರ್ಡಿನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನರು ಹೆಸರಾಂತ ಶರೀರಶಾಸ್ತ್ರಜ್ಞರು. ಗಣಿಗಳಲ್ಲಿ ಕೂಲಿಕಾರರನ್ನು ಕೊಲ್ಲುವ ವಿಷವಾಯುಗಳ ಗುಣವನ್ನು ಅರಿಯಲು ಅವರು ತಾವೇ ಗಣಿಗಿಳಿದು ಆ ವಾಯುಗಳನ್ನು ಉಸಿರಾಡಿ ನೋಡಿದವರು. ಮಗ ಇನ್ನೂ ಹುಡುಗನಾಗಿದ್ದಾಗ ಅವನನ್ನೂ ಗಣಿಯೊಂದಕ್ಕೆ ಕರೆದೊಯ್ದು, ತಗ್ಗಾದ ಸುರಂಗವೊಂದರಲ್ಲಿ ಎದ್ದು ನಿಂತು ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಿಂದ ಆಂಟನಿಯ ಭಾಷಣವನ್ನು ಹೇಳೆಂದರಂತೆ. ಹುಡುಗ ಕೆಲವು ಸಾಲು ಹೇಳುವಷ್ಟರಲ್ಲಿ ಕಾಲು ಸೋತು ನೆಲಕ್ಕೆ ಬಿದ್ದ. ಬಿದ್ದೊಡನೆಯೇ ಉಸಿರು ಸರಿಹೋಯಿತು. ಗಣಿಯ ಮೀಥೇನ್ ಅನಿಲ ಗಾಳಿಗಿಂತ ಹಗುರ, ಅದು ಮೇಲ್ಛಾವಣಿಯ ಬಳಿ ಸೇರಿಕೊಳ್ಳುತ್ತದೆ, ನೆಲದ ಮೇಲಿನ ಗಾಳಿ ಉಸಿರಾಟಕ್ಕೆ ಯೋಗ್ಯ ಎಂಬ ಪಾಠವನ್ನು ಆ ಮಗ ಸಾಯುವತನಕ ಮರೆಯಲಿಲ್ಲ.

ತಂದೆಯ ವಿಚಾರವನ್ನು ಇಲ್ಲಿಯೇ ಸ್ವಲ್ಪ ಹೇಳಬೇಕು. ನಮ್ಮ ಉಸಿರಾಟದ ವೇಗವನ್ನು ನಡೆಸುವುದು ಶ್ವಾಸಕೋಶದಲ್ಲಿ ಸೇರುವ ಇಂಗಾಲಾಮ್ಲ ವಾಯು ಎಂಬುದನ್ನು ತೋರಿಸಿಕೊಟ್ಟವರು ಅವರು. ಆ ವಾಯು ಎಳ್ಳಷ್ಟು ಹೆಚ್ಚಿದರೂ ದೇಹ ತಾನಾಗಿಯೇ ಉಸಿರನ್ನು ಹೆಚ್ಚಿಸಿ ಹದ ಮಾಡಿಕೊಳ್ಳುತ್ತದೆ. ಇಂಥ ನಾಜೂಕಾದ ಹೊಂದಾಣಿಕೆಯನ್ನು ಜೀವಮಾನವಿಡೀ ಕಂಡ ಅವರಿಗೆ, ಜೀವವನ್ನು ಬರಿಯ ಯಂತ್ರವೆಂದು ಒಪ್ಪುವುದು ಸಾಧ್ಯವಾಗಲಿಲ್ಲ. ದೇಹದೊಳಗೆ ಪ್ರತ್ಯೇಕವಾದ ಪ್ರಾಣಶಕ್ತಿಯೊಂದು ಕೂತಿದೆಯೆಂಬ ವಾದವನ್ನೂ ಅವರು ಒಪ್ಪಲಿಲ್ಲ. ಭೌತಶಾಸ್ತ್ರ ರಸಾಯನಶಾಸ್ತ್ರಗಳ ಭಾಷೆಯಲ್ಲಿ ಜೀವವನ್ನು ಪೂರ್ತಿಯಾಗಿ ಹೇಳಲಾಗದು, ಅದರ ಸಮಗ್ರತೆಯೇ ಬೇರೆ ಎಂಬುದು ಅವರ ನಿಲುವು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯವಾಗಿ ಅವರು ಕೊಟ್ಟ ಗಿಫರ್ಡ್ ಉಪನ್ಯಾಸಗಳು ೧೯೨೯ರಲ್ಲಿ ಪುಸ್ತಕವಾಗಿ ಹೊರಬಂದುವು. ಅದೇ ವರ್ಷ ಮಗನೂ ಒಂದು ಸಣ್ಣ ಲೇಖನ ಬರೆದರು. ಅದು ತಂದೆ ನಿಂತಿದ್ದ ನೆಲಕ್ಕೆ ನೇರ ಎದುರಿನ ದಂಡೆ. ಒಂದೇ ಮನೆಯಲ್ಲಿ, ಒಂದೇ ಪ್ರಯೋಗದ ಮೇಜಿನ ಬಳಿ ಬೆಳೆದ ಇಬ್ಬರು ಹೀಗೆ ಬೇರೆಬೇರೆ ದಾರಿ ಹಿಡಿದುದನ್ನು ನೆನೆದರೆ, ಈ ಪ್ರಶ್ನೆ ಬುದ್ಧಿವಂತರು ದಡ್ಡರು ಎಂದು ಜನರನ್ನು ಎರಡು ಪಾಲು ಮಾಡುವಂಥದಲ್ಲವೆಂದು ತಿಳಿಯುತ್ತದೆ.

ಆ ಲೇಖನಕ್ಕೆ ಬರುವ ಮುನ್ನ ನಡುವಿನ ವರ್ಷಗಳನ್ನು ಬೇಗ ದಾಟೋಣ. ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿಯೂ ಹಾಲ್ಡೇನರ ವಿದ್ಯಾಭ್ಯಾಸ. ಗಣಿತ ಓದಿದರು, ಆಮೇಲೆ ಗ್ರೀಕ್ ಲ್ಯಾಟಿನ್ ಸಾಹಿತ್ಯ, ತತ್ತ್ವಶಾಸ್ತ್ರಗಳಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. ಮುಂದೆ ಜಗತ್ತಿನ ದೊಡ್ಡ ಜೀವವಿಜ್ಞಾನಿಗಳಲ್ಲಿ ಒಬ್ಬರೆನಿಸಿದ ಇವರಿಗೆ ವಿಜ್ಞಾನದ ಪದವಿಯೇ ಇರಲಿಲ್ಲ! ಮೊದಲನೆಯ ಮಹಾಯುದ್ಧದಲ್ಲಿ ಬ್ಲ್ಯಾಕ್ ವಾಚ್ ದಳದ ಅಧಿಕಾರಿಯಾಗಿ ಫ್ರಾನ್ಸಿನಲ್ಲಿಯೂ ಮೆಸೊಪೊಟೇಮಿಯದಲ್ಲಿಯೂ ಕಾದಾಡಿ ಎರಡು ಕಡೆಯೂ ಗಾಯಗೊಂಡರು. ಗಾಯ ಮಾಯಲೆಂದು ಅವರನ್ನು ಭಾರತಕ್ಕೆ ಕಳುಹಿಸಿದರು. ನಮ್ಮ ನಾಡಿನ ಮೊದಲ ಪರಿಚಯ ಅವರಿಗೆ ಆದದ್ದು ಹೀಗೆ.

ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡ್, ೧೯೨೩ರಿಂದ ಕೇಂಬ್ರಿಜ್, ೧೯೩೩ರಿಂದ ಲಂಡನಿನ ಯೂನಿವರ್ಸಿಟಿ ಕಾಲೇಜು, ಹೀಗೆ ಅಧ್ಯಾಪಕತನ ಸಾಗಿತು. ೧೯೨೪ರಿಂದ ಅವರು ಬರೆದ ಗಣಿತದ ಲೇಖನಮಾಲೆ ಡಾರ್ವಿನನ ನಿಸರ್ಗದ ಆಯ್ಕೆಯ ಸಿದ್ಧಾಂತಕ್ಕೆ ಲೆಕ್ಕದ ಬುನಾದಿ ಹಾಕಿತು. ಒಂದು ಗುಣವುಳ್ಳ ಜೀವಿ ಉಳಿದವಕ್ಕಿಂತ ಇಷ್ಟು ಹೆಚ್ಚು ಮರಿಗಳನ್ನು ಬಿಟ್ಟರೆ, ಆ ಗುಣ ಎಷ್ಟು ತಲೆಮಾರುಗಳಲ್ಲಿ ಹರಡುತ್ತದೆ ಎಂಬುದನ್ನು ಅವರು ಅಂಕಿಗಳಲ್ಲಿ ತೋರಿಸಿದರು. ಇನ್ನೊಂದು ಕಡೆ, ತಂದೆಯ ಮಗನೇ ಸರಿ ಎನ್ನುವಂತೆ, ತಮ್ಮ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ರಕ್ತದ ಆಮ್ಲಗುಣ ಹೇಗೆ ಬದಲಾಗುತ್ತದೆಂದು ನೋಡಲು ನವಸಾಗರದ ನೀರು ಕುಡಿದು ದಿನಗಟ್ಟಲೆ ಏದುಸಿರು ಬಿಟ್ಟರು. ೧೯೩೯ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ ೯೯ ಮಂದಿ ಸತ್ತಾಗ, ಅದರ ಕಾರಣವನ್ನು ತಿಳಿಯಲು ಉಕ್ಕಿನ ಕೋಣೆಯೊಳಗೆ ಸೇರಿ ವಿಷಗಾಳಿಯನ್ನು ಉಸಿರಾಡಿದರು.

ಇನ್ನು ೧೯೨೯ರ ಲೇಖನ. ರ್ಯಾಷನಲಿಸ್ಟ್ ಆ್ಯನ್ಯುಯಲ್ ಎಂಬ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾದ ಕೆಲವೇ ಪುಟಗಳ ಬರಹ ಅದು. ಜೀವದ ಉಗಮವೇ ಅದರ ವಿಷಯ. ಹಾಲ್ಡೇನರು ಹೇಳಿದ್ದು ಇಷ್ಟು. ಆದಿಯ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಅಥವಾ ಇದ್ದರೂ ಅತ್ಯಲ್ಪ. ನಮ್ಮ ಗಾಳಿಯಲ್ಲಿರುವ ಆಮ್ಲಜನಕ ಬಹುಮಟ್ಟಿಗೆ ಹಸಿರು ಗಿಡಗಳ ಕೊಡುಗೆ. ಆಮ್ಲಜನಕವಿಲ್ಲದ ಮೇಲೆ, ಬಿಸಿಲಿನ ಅತಿನೇರಿಳೆ ಕಿರಣಗಳನ್ನು ತಡೆಯುವ ಓಜೋನಿನ ಪದರವೂ ಇಲ್ಲ. ಆ ಉಗ್ರ ಕಿರಣಗಳು ನೀರು, ಇಂಗಾಲಾಮ್ಲ ವಾಯು, ಅಮೋನಿಯಗಳ ಮಿಶ್ರಣದ ಮೇಲೆ ಬಿದ್ದಾಗ ಸಕ್ಕರೆಗಳಂಥ ಬಗೆಬಗೆಯ ಸಾವಯವ ವಸ್ತುಗಳು ಹುಟ್ಟುತ್ತವೆ. ಇಂದಾದರೆ ಅಂಥ ವಸ್ತುವನ್ನು ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ, ಗಾಳಿ ಕೆಡಿಸುತ್ತದೆ. ಅಂದು ತಿನ್ನುವವರು ಯಾರು? ಅವು ಕಡಲಲ್ಲಿ ಕೂಡುತ್ತ ಕೂಡುತ್ತ, ಇಡೀ ಸಾಗರವೇ ತೆಳ್ಳನೆಯ ಬಿಸಿ ಸಾರಿನಂತೆ ಆಗಿರಬೇಕು. ಆ ಸಾರಿನಲ್ಲಿ ಒಮ್ಮೆ ತನ್ನಂಥದೇ ಇನ್ನೊಂದು ಅಣುವನ್ನು ಮಾಡಿಕೊಳ್ಳಬಲ್ಲ ಅಣು ಕೂಡಿಬಂದಿರಬೇಕು. ಜೀವದ ಹೊಸ್ತಿಲು ಅದೇ. ನಮ್ಮ ಅಡಿಗೆಮನೆಗಳಲ್ಲಿ ದಿನವೂ ಕುದಿಯುವ ಸಾರಿಗೂ ಜೀವದ ಉಗಮಕ್ಕೂ ನಂಟು ಹಾಕಿದ ಆ ಹೋಲಿಕೆ ಜಗತ್ತಿನಲ್ಲೆಲ್ಲ ಹರಡಿತು. ರಷ್ಯದ ಅಲೆಕ್ಸಾಂಡರ್ ಒಪಾರಿನ್ ೧೯೨೪ರಲ್ಲಿಯೇ ಒಂದು ಕಿರುಹೊತ್ತಗೆಯಲ್ಲಿ ಇದೇ ಜಾಡಿನ ವಿಚಾರವನ್ನು ಹೇಳಿದ್ದರು. ಹಾಲ್ಡೇನರಿಗೆ ಅದು ತಿಳಿದಿರಲಿಲ್ಲ. ಮುಂದೆ ತಿಳಿದಾಗ, ಮೊದಲು ಹೇಳಿದವರು ಒಪಾರಿನರೇ ಎಂದು ಸಂಕೋಚವಿಲ್ಲದೆ ಒಪ್ಪಿದರು.

ಆಗ ಇದೆಲ್ಲ ಊಹೆ. ಊಹೆಯೆಂದು ಹಾಲ್ಡೇನರೇ ಹೇಳಿದ್ದರು. ಇಪ್ಪತ್ತನಾಲ್ಕು ವರ್ಷಗಳ ಮೇಲೆ, ೧೯೫೩ರಲ್ಲಿ, ಷಿಕಾಗೋದ ತರುಣ ಸ್ಟಾನ್ಲಿ ಮಿಲ್ಲರ್ ಗಾಜಿನ ಬುರುಡೆಗಳಲ್ಲಿ ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳನ್ನು ತುಂಬಿ, ಮಿಂಚಿನ ಬದಲು ವಿದ್ಯುತ್ ಕಿಡಿ ಹಾಯಿಸಿದಾಗ, ಪ್ರೋಟೀನುಗಳ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ತಾವಾಗಿಯೇ ಉಂಟಾದುವು. ಇಟ್ಟಿಗೆ ಸಿಕ್ಕಿತು. ಆದರೆ ಇಟ್ಟಿಗೆಯ ರಾಶಿ ಮನೆಯಾಗುವುದಿಲ್ಲವಲ್ಲ!

ವಾದ ಬಿಗಿಯಾಗುವುದು ಇಲ್ಲಿಯೇ. ಜೀವಿಗಳ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿರುತ್ತವೆ. ನೂರು ಮಣಿಗಳ ಒಂದು ಸರವನ್ನು ಗೊತ್ತಾದ ಕ್ರಮದಲ್ಲಿ ಕಣ್ಣುಕಟ್ಟಿಕೊಂಡು ಪೋಣಿಸಲು ಹೊರಟರೆ, ಸಾಧ್ಯವಾದ ಸರಗಳ ಸಂಖ್ಯೆ ಒಂದರ ಮುಂದೆ ೧೩೦ ಸೊನ್ನೆ ಇಟ್ಟಷ್ಟು. ಭೂಮಿ ಹುಟ್ಟಿದಂದಿನಿಂದ ಕಳೆದ ಸೆಕೆಂಡುಗಳನ್ನೆಲ್ಲ ಎಣಿಸಿದರೂ ಸಿಗುವುದು ಹದಿನೆಂಟು ಅಂಕಿಗಳ ಸಂಖ್ಯೆ ಮಾತ್ರ. ಬರಿಯ ಆಕಸ್ಮಿಕಕ್ಕೆ ಇದು ಮೀರಿದ ಮಾತು; ಆದುದರಿಂದ ಸೃಷ್ಟಿಗೆ ಸಂಕಲ್ಪವೇ ಕಾರಣ ಎಂದು ಹಲವರು ವಾದಿಸುತ್ತಾರೆ. ಆ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಆದರೆ ಆಯ್ಕೆಯ ಗಣಿತವನ್ನು ಬಲ್ಲ ಹಾಲ್ಡೇನರಂಥವರು ಇಲ್ಲಿ ಮೂರನೆಯ ದಾರಿಯೊಂದನ್ನು ಕಾಣುತ್ತಾರೆ. ನಮ್ಮ ಚೌಕಾಬಾರದ ಕವಡೆಗಳಿಂದಲೇ ಅದನ್ನು ತಿಳಿಯಬಹುದು. ಇಪ್ಪತ್ತು ಕವಡೆ ತೆಗೆದುಕೊಳ್ಳಿ. ಪ್ರತಿಯೊಂದೂ ಅಂಗಾತ ಬೀಳುವುದು ಕವುಚಿ ಬೀಳುವುದು ಸರಿಸಮವೆಂದು ಇಟ್ಟುಕೊಳ್ಳೋಣ. ಇಪ್ಪತ್ತೂ ಒಟ್ಟಿಗೆ ಅಂಗಾತ ಬೀಳಬೇಕಾದರೆ ಸರಾಸರಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಸಲ ಎಸೆಯಬೇಕು. ಈಗ ನಿಯಮವನ್ನು ಸ್ವಲ್ಪ ಬದಲಾಯಿಸಿ: ಅಂಗಾತ ಬಿದ್ದುದನ್ನು ಹಾಗೆಯೇ ಬಿಟ್ಟು, ಕವುಚಿದವನ್ನು ಮಾತ್ರ ಎತ್ತಿ ಮತ್ತೆ ಎಸೆಯಿರಿ. ಸಾಮಾನ್ಯವಾಗಿ ಐದಾರು ಎಸೆತಗಳಲ್ಲಿ ಆಟ ಮುಗಿಯುತ್ತದೆ. ಎಸೆತ ಆಕಸ್ಮಿಕವೇ, ಉಳಿಸಿಕೊಳ್ಳುವುದು ಆಕಸ್ಮಿಕವಲ್ಲ. ಜೀವಿಗಳ ವಿಕಾಸದಲ್ಲಿ ನಡೆಯುವುದು ಈ ಎರಡನೆಯ ಆಟ. ಒಳ್ಳೆಯ ಗುಣವುಳ್ಳದ್ದು ಹೆಚ್ಚು ಮರಿಗಳನ್ನು ಬಿಟ್ಟು ಆ ಗುಣವನ್ನು ಉಳಿಸುತ್ತದೆ. ಇದರಲ್ಲಿ ಕುರುಡು ಆಕಸ್ಮಿಕವೂ ಇಲ್ಲ, ಮುಂದಾಲೋಚನೆಯೂ ಇಲ್ಲ.

ಸರಿ, ಆದರೆ ಮರಿ ಬಿಡುವ ಜೀವಿಯೇ ಇನ್ನೂ ಹುಟ್ಟಿರದಾಗ ಕವಡೆಗಳನ್ನು ಉಳಿಸಿಕೊಳ್ಳುವ ಕೈ ಯಾವುದು? ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳುವ ಮೊದಲ ಅಣು ಬರುವತನಕ ಎರಡನೆಯ ಆಟ ಶುರುವಾಗುವಂತಿಲ್ಲ. ಆ ಮೊದಲ ಅಣು ತೀರ ಸಣ್ಣದಾಗಿದ್ದರೆ ಆಕಸ್ಮಿಕವೂ ರಸಾಯನದ ನಿಯಮಗಳೂ ಸೇರಿ ಅದನ್ನು ಒದಗಿಸಿಯಾವು; ತೀರ ದೊಡ್ಡದಾಗಿದ್ದರೆ ಒದಗಿಸಲಾರವು. ಹೀಗೆ ಇಡೀ ಪ್ರಶ್ನೆ ಒಂದು ಅಳತೆಯ ಮೇಲೆ ನಿಲ್ಲುತ್ತದೆ: ಜೀವವೆನಿಸಿಕೊಳ್ಳಲು ಕನಿಷ್ಠಪಕ್ಷ ಎಷ್ಟು ಬೇಕು?

ಹಾಲ್ಡೇನರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ೧೯೫೪ರಲ್ಲಿ ಬರೆದ ಇನ್ನೊಂದು ಲೇಖನದಲ್ಲಿ ನಾಲ್ಕು ಉತ್ತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಜೀವಕ್ಕೆ ಮೊದಲೇ ಇಲ್ಲ, ಅದು ಅನಾದಿ ಎಂಬುದು ಒಂದು. ಅಲೌಕಿಕ ಶಕ್ತಿಯಿಂದ ಭೂಮಿಯಲ್ಲಿ ಹುಟ್ಟಿತೆಂಬುದು ಎರಡನೆಯದು. ಸಾಮಾನ್ಯ ರಾಸಾಯನಿಕ ಕ್ರಿಯೆಗಳಿಂದ ಮೆಲ್ಲಮೆಲ್ಲನೆ ವಿಕಾಸವಾಯಿತೆಂಬುದು ಮೂರನೆಯದು. ಅತಿ ಅಪರೂಪದ ಘಟನೆಯೊಂದರಿಂದ ಹುಟ್ಟಿತು, ಆದರೆ ಸಾಕಷ್ಟು ಕಾಲವೂ ವಸ್ತುವೂ ಇದ್ದರೆ ಅಂಥ ಘಟನೆ ನಡೆದೇ ತೀರುತ್ತಿತ್ತು ಎಂಬುದು ನಾಲ್ಕನೆಯದು. ತಮಗೆ ಒಲವಿಲ್ಲದ ಉತ್ತರಗಳನ್ನೂ ಪಟ್ಟಿಯಿಂದ ಕೈಬಿಡಲಿಲ್ಲ.

ಹಾಗೆಂದು ಅವರು ಯಾವಾಗಲೂ ಸಮಚಿತ್ತರಾಗಿದ್ದರು ಎನ್ನಲಾಗದು. ಕಮ್ಯೂನಿಸ್ಟ್ ಪಕ್ಷಕ್ಕೆ ಸೇರಿ ವರ್ಷಗಟ್ಟಲೆ ಅದರ ಪತ್ರಿಕೆಯಲ್ಲಿ ಬರೆದರು. ರಷ್ಯದಲ್ಲಿ ಲೈಸೆಂಕೋ ಎಂಬಾತ ಅಧಿಕಾರದ ಬಲದಿಂದ ತಳಿಶಾಸ್ತ್ರವನ್ನು ತುಳಿಯುತ್ತಿದ್ದಾಗ, ಅದನ್ನು ಖಂಡಿಸಬೇಕಾಗಿದ್ದ ಹಾಲ್ಡೇನರು ಬಹುಕಾಲ ಅಳುಕಿದರು. ಗೆಳೆಯರಿಗೆ ಇದರಿಂದ ನೋವಾಯಿತು. ೧೯೫೦ರ ಸುಮಾರಿಗೆ ಅವರು ಪಕ್ಷದಿಂದ ದೂರ ಸರಿದರು. ಸಿದ್ಧಾಂತದ ಮೇಲಿನ ಮೋಹ ಎಂಥ ಬುದ್ಧಿಯನ್ನೂ ಎಡವಿಸಬಲ್ಲದು ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

೧೯೫೭ರಲ್ಲಿ, ಪ್ರೊಫೆಸರ್ ಮಹಲನೋಬಿಸರ ಆಹ್ವಾನದ ಮೇಲೆ, ಹೆಂಡತಿ ಹೆಲೆನ್ ಸ್ಪರ್ವೇ ಅವರೊಡನೆ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದರು. ೧೯೫೬ರಲ್ಲಿ ಸೂಯೆಜ್ ಕಾಲುವೆಗಾಗಿ ಬ್ರಿಟನ್ ನಡೆಸಿದ ಯುದ್ಧವನ್ನು ಪ್ರತಿಭಟಿಸಿ ದೇಶ ಬಿಡುತ್ತಿರುವುದಾಗಿ ಹೇಳಿದರು. ಕಾಲುಚೀಲ ತೊಟ್ಟು ಅರವತ್ತು ವರ್ಷ ಕಳೆದದ್ದು ಸಾಕು ಎಂಬುದೂ ಅವರು ಕೊಟ್ಟ ಕಾರಣಗಳಲ್ಲೊಂದು! ಧೋತರ ಜುಬ್ಬ ಉಟ್ಟರು, ಮಾಂಸ ಬಿಟ್ಟರು, ನಮ್ಮ ಪುರಾಣ ಶಾಸ್ತ್ರಗಳನ್ನು ಓದಿದರು, ಭಾರತದ ಪೌರತ್ವ ಪಡೆದರು. ಊರು ಬಿಟ್ಟು ಬಂದು ಬೇರೆ ಊರಿನಲ್ಲಿ ಬೇರು ಬಿಡುವುದೆಂದರೇನೆಂದು ಬಲ್ಲ ನಮ್ಮಂಥವರಿಗೆ, ಅರವತ್ತು ದಾಟಿದ ಮೇಲೆ ಅವರು ಮಾಡಿದ ಈ ಕೆಲಸದ ಭಾರ ಹೇಳದೆಯೇ ತಿಳಿದೀತು.

ದೊಡ್ಡ ಯಂತ್ರಗಳಿಲ್ಲದೆ, ಕಣ್ಣೆದುರಿನ ಗಿಡಮರ ಹಕ್ಕಿಹುಳುಗಳನ್ನು ಎಣಿಸಿಯೇ ಒಳ್ಳೆಯ ವಿಜ್ಞಾನ ಮಾಡಬಹುದೆಂದು ಇಲ್ಲಿನ ತರುಣರಿಗೆ ಅವರು ಕಲಿಸಿದರು. ಅವರ ಬಳಿ ಕೆಲಸ ಮಾಡಿದ ಟಿ. ಎ. ಡೇವಿಸ್ ಅವರದು ತೆಂಗಿನ ಮರಗಳ ಅಧ್ಯಯನ. ತೆಂಗಿನ ಗರಿಗಳು ಕಾಂಡದ ಸುತ್ತ ಸುರುಳಿಯಾಗಿ ಏಳುತ್ತವೆ. ಕೆಲವು ಮರಗಳಲ್ಲಿ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ. ತಾಯಿಮರ ಎಡಸುರುಳಿಯದಾದರೂ ಸಸಿಗಳು ಹೆಚ್ಚುಕಡಿಮೆ ಸಮವಾಗಿ ಎಡಬಲ ಹಂಚಿಹೋಗುತ್ತವೆ. ಕರಾವಳಿಯ ನಮ್ಮ ಹಿತ್ತಿಲುಗಳಲ್ಲಿ ನಿಂತಿರುವ ಮರದಲ್ಲಿಯೇ ಆಕಸ್ಮಿಕದ ಪಾಲು ಇಷ್ಟಿದೆ! ಆದರೆ ಜೀವಿಗಳ ಪ್ರೋಟೀನುಗಳಲ್ಲಿನ ಅಮೈನೋ ಆಮ್ಲಗಳನ್ನು ನೋಡಿದರೆ, ಎಡಗೈ ಬಲಗೈಗಳಂತೆ ಎರಡು ರೂಪ ಸಾಧ್ಯವಿರುವಲ್ಲೆಲ್ಲ, ಸಾಮಾನ್ಯವಾಗಿ ಎಡದ ರೂಪವೇ ಇರುತ್ತದೆ. ಮಿಲ್ಲರರ ಬುರುಡೆಯಲ್ಲಿ ಎಡಬಲ ಎರಡೂ ಸಮವಾಗಿ ಹುಟ್ಟಿದ್ದುವು. ಜೀವವು ಒಂದನ್ನೇ ಏಕೆ ಹಿಡಿಯಿತು ಎಂಬುದು ಇಂದಿಗೂ ಪೂರ್ತಿ ಬಿಡಿಸದ ಗಂಟು.

ಕಲ್ಕತ್ತೆಯ ಸಂಸ್ಥೆಯನ್ನು ಬಿಟ್ಟು ೧೯೬೨ರಲ್ಲಿ ಅವರು ಭುವನೇಶ್ವರದಲ್ಲಿ ನೆಲಸಿದರು. ಮರುವರ್ಷ, ಎಂದರೆ ೧೯೬೩ರ ಅಕ್ಟೋಬರಿನಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಜೀವೋತ್ಪತ್ತಿಯನ್ನು ಕುರಿತ ಸಮ್ಮೇಳನ ನಡೆಯಿತು. ಒಪಾರಿನರೂ ಹಾಲ್ಡೇನರೂ ಅಲ್ಲಿ ಭೇಟಿಯಾದರು. ಮೊದಲ ಜೀವಿಯ ನಕ್ಷೆಗೆ ಏನೇನು ಬೇಕೆಂಬುದೇ ಹಾಲ್ಡೇನರ ಪ್ರಬಂಧದ ವಿಷಯ. ಮೊದಲ ಜೀವಿಯೆಂದರೆ ಒಂದೇ ಒಂದು ಪ್ರೋಟೀನನ್ನು ಮಾಡಿಸಬಲ್ಲ, ಆರ್‌ಎನ್‌ಎಯ ಒಂದೇ ಒಂದು ಎಳೆಯಾಗಿದ್ದಿರಬಹುದೆಂದು ಅವರು ಸೂಚಿಸಿದರು. ಅಷ್ಟು ಸಣ್ಣದಾದರೆ ಅದು ತಾನಾಗಿ ಹುಟ್ಟಿರಬಹುದು. ಒಂದುವೇಳೆ, ಇಂದಿನ ಜೀವಕೋಶದಲ್ಲಿ ಇರುವಂತೆ, ಇಪ್ಪತ್ತು ಅಮೈನೋ ಆಮ್ಲಗಳಿಗೆ ಇಪ್ಪತ್ತು ಬಗೆಯ ವಾಹಕಗಳೂ ಪ್ರೋಟೀನು ಕಟ್ಟುವ ಯಂತ್ರವೂ ಮೊದಲ ದಿನದಿಂದಲೇ ಬೇಕೇಬೇಕಾಗಿದ್ದುವೆಂದು ತಿಳಿದುಬಂದರೆ? ಆಗ ಜೀವ ತಾನಾಗಿ ಹುಟ್ಟಿತೆಂಬ ಮಾತನ್ನು ಕೈಬಿಡಬೇಕಾಗುತ್ತದೆ. ಅದಕ್ಕೂ ಹಿಂದಿನ ಅಂಥದೇ ಜೀವಿಯೋ, ನಮ್ಮಷ್ಟಾದರೂ ಬುದ್ಧಿಯುಳ್ಳ, ನಮಗಿಂತ ಹೆಚ್ಚು ತಿಳಿದ, ಲೌಕಿಕವೋ ಅಲೌಕಿಕವೋ ಆದ ಕರ್ತೃವೋ ಅದನ್ನು ಮಾಡಿರಬೇಕು ಎಂದು ಒಪ್ಪಬೇಕಾಗುತ್ತದೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಜೀವಮಾನವೆಲ್ಲ ನಾಸ್ತಿಕರೆನಿಸಿದ್ದ ಎಪ್ಪತ್ತರ ವೃದ್ಧರು, ತಮ್ಮ ಪಕ್ಷ ಎಲ್ಲಿ ಸೋಲುತ್ತದೆಂಬ ಗೆರೆಯನ್ನು ಎದುರಾಳಿಗಳಿಗಾಗಿ ತಾವೇ ಎಳೆದುಕೊಟ್ಟರು.

ಆ ಗೆರೆಯ ಯಾವ ಕಡೆಗೆ ವಿಜ್ಞಾನ ಸಾಗಿದೆ? ೧೯೮೦ರ ದಶಕದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್, ಆರ್‌ಎನ್‌ಎ ಬರಿಯ ಸಂದೇಶವಾಹಕವಲ್ಲ, ಕೆಲವು ರಾಸಾಯನಿಕ ಕ್ರಿಯೆಗಳನ್ನು ತಾನೇ ನಡೆಸಬಲ್ಲದು ಎಂದು ಕಂಡರು. ೧೯೮೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಎಂದರೆ ಒಂದೇ ಅಣು ಬೀಜವೂ ಆಗಬಹುದು, ಮರವೂ ಆಗಬಹುದು! ಪ್ರೋಟೀನು ಕಟ್ಟುವ ಯಂತ್ರದ ನಡುಗುಂಡಿಗೆಯಲ್ಲಿ ಕೆಲಸ ಮಾಡುವುದೂ ಆರ್‌ಎನ್‌ಎಯೇ ಎಂದು ೨೦೦೦ದಲ್ಲಿ ಗೊತ್ತಾಯಿತು. ೧೯೬೯ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಬಳಿ ಬಿದ್ದ ಉಲ್ಕೆಯಲ್ಲಿಯೂ ಅಮೈನೋ ಆಮ್ಲಗಳು ಸಿಕ್ಕಿವೆ. ಇವೆಲ್ಲ ಹಾಲ್ಡೇನರ ಸಣ್ಣ ಜೀವಿಯ ಪರವಾದ ಸಾಕ್ಷಿಗಳು. ಆದರೆ ಆದಿಯ ಗಾಳಿ ಮಿಲ್ಲರರು ತುಂಬಿದ ಮಿಶ್ರಣದಂತೆ ಇರಲಿಲ್ಲವೆಂದು ಈಗ ಬಹುಮಂದಿಯ ಮತ. ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ವಿಕಾಸಗೊಳ್ಳುವ ಜೀವಿಯನ್ನು ಬರಿಯ ರಸಾಯನಗಳಿಂದ ಈವರೆಗೆ ಯಾರೂ ಮಾಡಿಲ್ಲ. ಅಳತೆ ಇನ್ನೂ ಮುಗಿದಿಲ್ಲ.

ಫ್ಲಾರಿಡಾದ ಪ್ರವಾಸದ ಸುಮಾರಿನಲ್ಲಿಯೇ ಹಾಲ್ಡೇನರಿಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಲಂಡನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಲ್ಲಿದ್ದಾಗಲೇ ಆ ರೋಗದ ಮೇಲೆ ಒಂದು ಹಾಸ್ಯದ ಪದ್ಯ ಕಟ್ಟಿದರು. ಜನ ಹೆದರಿ ಮುಚ್ಚಿಡದೆ ಬೇಗ ವೈದ್ಯರ ಬಳಿ ಹೋಗಲಿ ಎಂಬುದು ಅದರ ಉದ್ದೇಶ. ೧೯೬೪ನೆಯ ಡಿಸೆಂಬರ್ ೧ರಂದು ಭುವನೇಶ್ವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಆಂಧ್ರದ ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಒಪ್ಪಿಸಲಾಯಿತು. ಬದುಕಿದ್ದಾಗ ಪ್ರಯೋಗಕ್ಕೆ ಒಡ್ಡಿದ ದೇಹ, ಸತ್ತ ಮೇಲೆ ಪಾಠಕ್ಕೆ ಒದಗಿತು.

ಆಕಸ್ಮಿಕವೋ ಸಂಕಲ್ಪವೋ ಎಂದು ಕೇಳಿದಾಗ ಎರಡರಲ್ಲೊಂದನ್ನು ಆರಿಸಲೇಬೇಕೆಂದು ನಾವು ಅವಸರಪಡುತ್ತೇವೆ. ನಡುವೆ ನಿಯಮವಿದೆ, ಆಯ್ಕೆಯಿದೆ, ಕೋಟಿಗಟ್ಟಲೆ ವರ್ಷಗಳ ಕಾಲವಿದೆ ಎಂದು ಹಾಲ್ಡೇನರು ತೋರಿಸಿದರು. ಅವರ ಉತ್ತರ ನಮಗೆ ಈಗ ದೊರೆತಿರುವವುಗಳಲ್ಲಿ ಹೆಚ್ಚು ಫಲ ಕೊಟ್ಟದ್ದು. ಏಕೆಂದರೆ ಅದು ಮುಂದೆ ಯಾವ ಪ್ರಯೋಗ ಮಾಡಬೇಕೆಂದು ಹೇಳುತ್ತದೆ. ಆ ನಿಯಮಗಳೇ ಏಕಿವೆ, ಅವುಗಳ ಹಿಂದೆ ಯಾರಾದರೂ ಇದ್ದಾರೆಯೆ ಎಂಬುದು ಬೇರೆಯೇ ಪ್ರಶ್ನೆ. ಸಂಜೆ ದೇವರ ಮುಂದೆ ದೀಪ ಹಚ್ಚುವ ಮನೆಯವರು ಅದನ್ನು ಆರಿಸಬೇಕೆಂದು ಈ ರಸಾಯನಶಾಸ್ತ್ರ ಹೇಳುವುದಿಲ್ಲ. ನಮ್ಮ ಮಕ್ಕಳು ಶಾಲೆಯಿಂದ ಬಂದು ಜೀವ ಹೇಗೆ ಹುಟ್ಟಿತೆಂದು ಕೇಳಿದರೆ ಸುಮ್ಮನಿರೆಂದು ಗದರದೆ, ಹಿತ್ತಿಲ ತೆಂಗನ್ನೋ ಅಟ್ಟದ ಮೇಲಿನ ಕವಡೆಗಳನ್ನೋ ತೋರಿಸಿ ಮಾತು ಬೆಳೆಸೋಣ. ಯಾವ ನಿಲುವನ್ನೇ ತಾಳಲಿ, ಏನು ತಿಳಿದುಬಂದರೆ ಅದನ್ನು ಬಿಡುವೆನೆಂದು ಹೇಳಬಲ್ಲ ಧೈರ್ಯ ಅವರಿಗೆ ಬರಲಿ.